ಯಾರೂ ತೆರೆಯದ ಡಬ್ಬಿ

ಬಳ್ಳಾರಿಯಲ್ಲಿ ನನ್ನ ಹೂವಿನ ಬುಟ್ಟಿಯ ಪಕ್ಕದ ಅಂಗಡಿಯವನು ಹಳೆಯ ವಿಡಿಯೋ ಗೇಮ್‌ಗಳನ್ನು ಹುಡುಕಿ ತಂದು ಮಾರುತ್ತಿದ್ದ. ಅದಿರಿನ ಲಾರಿ ಹೋದಾಗಲೆಲ್ಲ ಅವುಗಳ ಮೇಲಿನ ಕೆಂಪು ಧೂಳು ಒರೆಸುತ್ತಿದ್ದ.

"ಈ ಹಳೇ ಸಾಮಾನು ಯಾರಿಗೆ ಬೇಕಲೇ?" ಎಂದು ಕೇಳುತ್ತಿದ್ದೆ.

"ಹಳೇದಲ್ಲಬೇ ಯವ್ವಾ, ಸಿಗಲಾರದ್ದು."

ಲಾರಿ ಆಫೀಸಿಗೆಂದು ಮಾಲೀಕ ಅವನ ಅಂಗಡಿ ಬಿಡಿಸುತ್ತಿದ್ದ. ಬೇರೆ ಅಂಗಡಿ ಹಿಡಿಯುವ ಹಣಕ್ಕೆ ಅವನಿಗಿದ್ದದ್ದು ಯಾರೂ ತೆರೆಯದ, ಹಳೆಯ ಗೇಮೊಂದರ ರಟ್ಟಿನ ಡಬ್ಬಿ ಮಾತ್ರ. ಮೇಲಿನ ರಟ್ಟೂ ಹೊಸದರಂತೆ ಇದ್ದರೆ ಕೊಳ್ಳುತ್ತೇನೆಂದು ಮುಂಬೈಯವನೊಬ್ಬ ಬರುವವನಿದ್ದ.

ಆಯುಧಪೂಜೆಯ ದಿನ ಅವನು ಊಟಕ್ಕೆ ಹೋದಾಗ, ವ್ಯಾಪಾರ ಆಗಲಿ ಎಂದು ನಾನೇ ಆ ಡಬ್ಬಿಗೆ ಒದ್ದೆ ಅರಿಶಿನ, ಕುಂಕುಮ ಬಳಿದೆ.

ಊಟ ಮಾಡಿ ಬಂದವನು ಬೈಯಲಿಲ್ಲ. ಬಟ್ಟೆಯಿಂದ ಒರೆಸಿದ. ಕಲೆ ಇನ್ನಷ್ಟು ಹರಡಿತು.

"ಈಗ ಹಳೇದಾತಬೇ ಯವ್ವಾ," ಎಂದ.

ಮುಂದೆ ಲಾರಿ ಹೋಯಿತು. ಅವನು ಧೂಳು ಒರೆಸಲಿಲ್ಲ.