ಪೇಢಾನನ್ನು ಹಿಡಿಯಲು ಒಬ್ಬರು ಬೇಕು

ನಮ್ಮ ಪೇಢಾನಿಗೆ ಸಕ್ಕರೆ ಕಾಯಿಲೆ. ನಗಬೇಡಿ. ಪೇಢಾ ಅಂದರೆ ನಮ್ಮ ಬೆಕ್ಕು. ಧಾರವಾಡದವರಾದ ನಾವಿಬ್ಬರೂ ಅವನ ಬಣ್ಣ ನೋಡಿದ ಮೇಲೆ ಬೇರೆ ಹೆಸರು ಯೋಚಿಸಲೇ ಇಲ್ಲ. ಇಲ್ಲಿ ವಡೋದರಾದ ಡಾಕ್ಟರು ರಿಪೋರ್ಟ್ ನೋಡಿ, ಹೆಸರು ಕೇಳಿ, ತಾವೂ ನಕ್ಕರು. ಆಮೇಲೆ ಗಂಭೀರವಾಗಿ ಹೇಳಿದರು: ಬೆಳಿಗ್ಗೆ ಒಂದು, ಸಂಜೆ ಒಂದು ಇನ್ಸುಲಿನ್. ಮನೆಯಲ್ಲೇ. ನೀವೇ ಕೊಡಬೇಕು.

ನೀವೇ ಅಂದರೆ ಯಾರು? ನನ್ನ ಗಂಡನ ಕೆಲಸ ಸೂರತ್‌ನಲ್ಲಿ. ಶನಿವಾರ ಸಂಜೆ ರೈಲಿನಲ್ಲಿ ಬರುತ್ತಾರೆ, ಸೋಮವಾರ ನಸುಕಿಗೇ ಹೊರಟುಬಿಡುತ್ತಾರೆ. ನಾನು ಇಲ್ಲಿ ಸ್ಕೂಲ್ ಟೀಚರ್. (ಸೂರತ್ ಹತ್ತಿರವೇ ಅಲ್ಲವೇ ಅನ್ನುತ್ತಾರೆ ಎಲ್ಲರೂ. ದಿನಾ ಒಟ್ಟಿಗೆ ಕೂತು ಉಣ್ಣುವವರಿಗೆ ಎಲ್ಲ ಊರೂ ಹತ್ತಿರವೇ.)

ಮೊದಲ ವಾರ ಇಬ್ಬರೂ ರಜೆ ಹಾಕಿದೆವು. ಟವೆಲ್‌ನಲ್ಲಿ ಸುತ್ತಿ ಹಿಡಿಯುವುದು ಅವರು, ಚುಚ್ಚುವುದು ನಾನು. ಸೂಜಿ ಜಾರಿ ಔಷಧಿಯೆಲ್ಲ ಕೂದಲ ಮೇಲೆ. ಬೆಕ್ಕು ಫ್ರಿಜ್ ಮೇಲೆ, ನಾವು ನೆಲದ ಮೇಲೆ. ಮದುವೆಯಾದಾಗಿನಿಂದ ಇಬ್ಬರೂ ಸೇರಿ ಅಷ್ಟು ನಕ್ಕಿದ್ದು ನೆನಪಿಲ್ಲ.

ಅವರು ಹೋದ ಮೇಲೆ ಒಬ್ಬಳೇ ಕಲಿತೆ. ಗುಟ್ಟೇನೂ ದೊಡ್ಡದಲ್ಲ. ಬಟ್ಟಲಲ್ಲಿ ಊಟ ಹಾಕಿ, ಅವನು ತಿನ್ನುತ್ತಿರುವಾಗ ಕತ್ತಿನ ಹಿಂದಿನ ಸಡಿಲ ಚರ್ಮ ಮೆಲ್ಲಗೆ ಎತ್ತಿ ಹಿಡಿದು ಸೂಜಿ ಹಾಕುವುದು. ಅಷ್ಟೇ. ಪೇಢಾ ತಲೆ ಕೂಡ ಎತ್ತುವುದಿಲ್ಲ. ಹಿಡಿಯಲು ಯಾರೂ ಬೇಕಾಗಿಲ್ಲ.

ಇದನ್ನು ಗಂಡನಿಗೆ ಮಾತ್ರ ಹೇಳಲಿಲ್ಲ.

ಯಾಕೆ ಅಂತೀರಾ? ಶನಿವಾರ ಬಂದವರು ಬ್ಯಾಗ್ ಇಟ್ಟು, ಕೈ ತೊಳೆದು, ನೇರ ಅಡುಗೆಮನೆಯ ನೆಲಕ್ಕೆ ಬಂದು ಕೂರುತ್ತಿದ್ದರು. ಪೇಢಾನ ಬೆನ್ನ ಮೇಲೆ ಅವರ ಕೈ, ಪಕ್ಕದಲ್ಲೇ ನನ್ನ ಕೈ. ಫೋನ್ ಇಲ್ಲ, ಟಿವಿ ಇಲ್ಲ. ಇಡೀ ವಾರ ನಾನು ಕಾಯುತ್ತಿದ್ದುದು ಅದಕ್ಕೇ.

"ನಾ ಇಲ್ಲದಾಗ ಯಾರು ಹಿಡೀತಾರ?" ಎಂದು ಒಮ್ಮೆ ಕೇಳಿದ್ದರು. "ಬಾಜೂಮನಿ ಹಂಸಾಬೆನ್" ಎಂದು ಬಾಯಿಗೆ ಬಂದದ್ದು ಹೇಳಿಬಿಟ್ಟಿದ್ದೆ.

ಕಳೆದ ಭಾನುವಾರ ಬೆಳಿಗ್ಗೆ ಇಂಜೆಕ್ಷನ್ ಮುಗಿಸಿ ಅಲ್ಲೇ ಕೂತು ಚಹಾ ಕುಡಿಯುತ್ತಿದ್ದೆವು. ಸೂರತ್‌ನಲ್ಲೇ ಉಳಿದರೆ ಅವರಿಗೆ ಪ್ರಮೋಷನ್ ಕೊಡುತ್ತಾರಂತೆ. ಬೇಡವೆಂದರೆ ಇಲ್ಲಿ ಮಕರಪುರದ ಫ್ಯಾಕ್ಟರಿಗೆ ವರ್ಗ. ಈ ವಾರವೇ ಹೇಳಬೇಕು.

"ಇವನ್ನ ಹಿಡೀಲಿಕ್ಕೆ ನೀ ದಿನಾ ಮಂದೀನ್ನ ಕರೀಬೇಕು. ಇಲ್ಲೇ ಬರ್ತೀನಿ ಅಂತ ಹೇಳಿಬಿಡ್ಲೇನು?" ಎಂದರು.

ಹೂಂ ಅನ್ನಬೇಕು, ಅಷ್ಟರಲ್ಲಿ ಬೆಲ್. ಬಿಸಿ ಢೋಕ್ಲಾ ತಟ್ಟೆ ಹಿಡಿದು ಹಂಸಾಬೆನ್! ನಮ್ಮವರು ಎದ್ದು ಹೋಗಿ, ಬೆಕ್ಕನ್ನು ಹಿಡಿದುಕೊಳ್ಳುತ್ತಿರುವುದಕ್ಕೆ ಹಿಂದಿಯಲ್ಲಿ ಥ್ಯಾಂಕ್ಸ್ ಬೇರೆ ಹೇಳಿದರು.

"ಮೈಂ? ಅರೇ ನಾ ರೇ! ಸೂಯಿ ದೇಖ್‌ಕೇ ಮುಝೇ ಚಕ್ಕರ್ ಆತಾ ಹೈ. ಬೆನ್ ತೋ ಅಕೇಲೀ ದೇತೀ ಹೈ, ಫಟಾಫಟ್!"

ಸೂಜಿ ಕಂಡರೆ ತಲೆ ಸುತ್ತುವ ಹೆಂಗಸಿನ ಹೆಸರನ್ನೇ ಹೇಳಬೇಕಿತ್ತೇ ನಾನು?

ನಾನೊಬ್ಬಳೇ ಫಟಾಫಟ್ ಕೊಡುತ್ತೇನೆಂದು ಕೇಳಿ ಬಾಗಿಲು ಹಾಕಿ ಬಂದವರ ಮುಖದಲ್ಲಿ ಸಿಟ್ಟಿರಲಿಲ್ಲ. ಹೆಮ್ಮೆ ಇತ್ತು. "ಶಾಭಾಸ್! ಒಬ್ಬಾಕಿನ ಮಾಡ್ತೀ? ಹಂಗಾದ್ರ ನಾ ಸೂರತ್‌ನಾಗ ಇದ್ರೂ ಚಿಂತೀನ ಇಲ್ಲ. ನೀ ಗಟ್ಟಿ ಇದ್ದೀ ಬಿಡು."

ನನಗೆ ಅಳು ಬಂತು.

ನೋಡಿ, ಆಫೀಸಿನಲ್ಲಿ ಚೆನ್ನಾಗಿ ಕೆಲಸ ಮಾಡುವವರ ಟೇಬಲ್ಲಿಗೇ ಇನ್ನಷ್ಟು ಫೈಲು ಬರುತ್ತವೆ. ಮನೆಯಲ್ಲಿ ಗಟ್ಟಿಗಿತ್ತಿ ಅನ್ನಿಸಿಕೊಂಡವಳನ್ನು ಉಂಡೆಯಾ ಎಂದು ಕೇಳುವವರಿಲ್ಲ. ಅಳದಿದ್ದರೆ ತಾಯಿಯೂ ಹಾಲು ಕೊಡಳಂತೆ. ನಾವು ಗಟ್ಟಿಯವರು ಅಳುವುದನ್ನು ಯಾವಾಗ ಕಲಿಯುವುದು?

ಕಣ್ಣೊರೆಸಿಕೊಂಡು ಹೇಳಿಯೇಬಿಟ್ಟೆ. "ಇಂಜೆಕ್ಷನ್‌ಗೆ ನೀವು ಬ್ಯಾಡರಿ. ನನಗ ಬೇಕು."

ಸಂಜೆ ಬಟ್ಟಲು ಇಟ್ಟಾಗ ಕರೆಯದೆಯೇ ಅವರು ಬಂದು ನೆಲದ ಮೇಲೆ ಕೂತರು. ಸೋಮವಾರ ಎಂದಿನಂತೆ ರೈಲು ಹತ್ತಿದರು. ಇದನ್ನು ನೀವು ಓದುವ ಹೊತ್ತಿಗೆ ಆಫೀಸಿಗೆ ಉತ್ತರ ಕೊಟ್ಟಾಗಿರುತ್ತದೆ. ಏನೆಂದು ನನಗೂ ಗೊತ್ತಿಲ್ಲ.

ಅಲ್ಲ, ಒಬ್ಬಳೇ ಮಾಡಲು ಬರುತ್ತದೆ ಎಂದ ಮಾತ್ರಕ್ಕೆ, ಯಾರೂ ಬೇಡ ಎಂದು ಅರ್ಥವೇ?