ಎರಡು ದಿನ ತಡವಾದ ಡೋಲು

ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಸಣ್ಣ ಅಂಗಡಿ. ತಬಲಾ, ಡೋಲಕ್ ದುರಸ್ತಿ ಮಾಡುತ್ತೇನೆ. ಮನೆ ತಿಕೋಟಾದಲ್ಲಿ, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತೇನೆ.

ಮೂರು ವರ್ಷದ ಹಿಂದೆ ನೈಜೀರಿಯಾದ ಒಬ್ಬ ವಿದ್ಯಾರ್ಥಿ ಬಟ್ಟೆಯಲ್ಲಿ ಸುತ್ತಿದ ಡೋಲು ಹಿಡಿದು ಬಂದ. ಇಲ್ಲಿ ಫಾರ್ಮಸಿ ಓದುತ್ತಿದ್ದ. ಗೆಳೆಯರಿಂದ ನಮ್ಮ ಮಾತು ಅಷ್ಟಿಷ್ಟು ಕಲಿತಿದ್ದ. ಡೋಲು ಬುಡಬುಡಿಕೆಯಂತೆ ನಡು ಸಣ್ಣಗಿತ್ತು, ಆದರೆ ಮೊಳದುದ್ದ. ಒಂದು ಕಡೆಯ ಚರ್ಮ ಹರಿದಿತ್ತು.

"ಕಾಕಾ, ಇದು ಮಾತಾಡತದ್ರಿ," ಎಂದ.

ನಾನು ನಕ್ಕೆ. ಅವನು ಅದನ್ನು ಕಂಕುಳಲ್ಲಿಟ್ಟು, ಸುತ್ತಲಿನ ತೊಗಲಿನ ದಾರಗಳನ್ನು ಒತ್ತುತ್ತಾ ಉಳಿದ ಮುಖವನ್ನು ಬಾರಿಸಿದ. ದನಿ ಮನುಷ್ಯರ ದನಿಯಂತೆಯೇ ಏರಿತು, ಇಳಿಯಿತು. ಅವರ ಯೊರುಬಾ ಭಾಷೆಯಲ್ಲಿ ದನಿ ಏರಿಳಿದರೆ ಅರ್ಥವೇ ಬದಲಾಗುತ್ತದಂತೆ. ಹಾಗಾಗಿ ಈ ಡೋಲು ದೇವರನ್ನು ಹೆಸರು ಹಿಡಿದು ಕರೆಯಬಲ್ಲದು. ಅವನ ತಾಯಿ ಊರಿನ ಚರ್ಚಿನಲ್ಲಿ ಮುಂದೆ ನಿಂತು ಹಾಡುವವಳು. ಪಕ್ಕದಲ್ಲಿ ಇವನು ಬಾರಿಸುತ್ತಿದ್ದ. ಈಗ ಆಕೆ ಹಾಸಿಗೆ ಹಿಡಿದಿದ್ದಳು. ಪ್ರತಿ ರವಿವಾರ ಫೋನಿನಲ್ಲಿ ಇವನು ಬಾರಿಸಿದರೆ ಅಲ್ಲಿಂದ ಆಕೆ ಹಾಡುತ್ತಿದ್ದಳು.

"ಈ ರವಿವಾರನೂ ಅವ್ವಗ ಕೇಳಬೇಕಂತರಿ."

"ಶನಿವಾರ ಬಾರಪಾ, ಕೊಡತೀನಿ," ಎಂದೆ.

ಶುಕ್ರವಾರ ಬಬಲೇಶ್ವರದಲ್ಲಿ ತಂಗಿಯ ಹೊಸ ಮನೆಯ ವಾಸ್ತುಶಾಂತಿ. ಭಜನೆಗೆ ತಬಲಾ ಜೋಡಿಯ ಡಗ್ಗಾ ಬಾರಿಸಲು ಹೋದವನು ತಂಗಿ ಉಳಿಸಿಕೊಂಡಳೆಂದು ಅಲ್ಲೇ ಉಳಿದುಬಿಟ್ಟೆ. ಶನಿವಾರ ಅವನ ಫೋನ್ ಬಂದಾಗ ಹೋಳಿಗೆ ಊಟಕ್ಕೆ ಕೂತಿದ್ದೆ.

"ಸೋಮವಾರ ಬಾ. ಅಷ್ಟ್ಯಾಕ ಅವಸರ ಮಾಡ್ತಿ?"

ಸೋಮವಾರ ಬೆಳಿಗ್ಗೆ ಹೊಸ ಚರ್ಮ ಬಿಗಿಯುತ್ತಿದ್ದಾಗ ಅವನು ಬಂದು ಮೆಟ್ಟಿಲ ಮೇಲೆ ಕೂತ.

"ಅವ್ವ ಹೋದಳ್ರಿ ಕಾಕಾ. ನಿನ್ನಿ."

ನಾನು ಡೋಲು ಕೆಳಗಿಟ್ಟೆ.

"ಮುಂಜಾನೆ ಫೋನಿನ್ಯಾಗ ಡೋಲ ಎಲ್ಲಿ ಅಂತ ಕೇಳಿದಳು. ನಾನು ಟ್ರಂಕ್ ಬಾರಿಸಿದೆ. ಅವ್ವ ನಕ್ಕಳು. ಅದಕ್ಕ ಮಾತು ಬರೂದಿಲ್ಲ ಅಂದಳು. ಹಾಡಲಿಲ್ಲರಿ."

ಪರೀಕ್ಷೆ ನಡೆಯುತ್ತಿದ್ದರಿಂದ ಅವನಿಗೆ ಊರಿಗೆ ಹೋಗಲಾಗಲಿಲ್ಲ. ಎರಡು ವಾರದ ನಂತರ ಅಲ್ಲಿ ಮಣ್ಣು ಮಾಡುವ ದಿನ, ಮಧ್ಯಾಹ್ನ, ಡೋಲು ಮತ್ತು ಫೋನ್ ಹಿಡಿದು ನನ್ನ ಅಂಗಡಿಗೇ ಬಂದ. ಒಬ್ಬನೇ ಇರಲಾರೆನೆಂದ. ನಾನು ಶಟರ್ ಅರ್ಧ ಇಳಿಸಿದೆ. ಫೋನಿನಲ್ಲಿ ಬಿಳಿ ಬಟ್ಟೆಯ ಹೆಂಗಸರು ಪೆಟ್ಟಿಗೆಯ ಸುತ್ತ ನಿಂತು ಹಾಡುತ್ತಿದ್ದರು. ಇವನು ಬಾರಿಸಿದ. ನಾನು ಮೆಲ್ಲಗೆ ಡಗ್ಗಾ ಬಾರಿಸುತ್ತ ಜೊತೆ ಕೊಟ್ಟೆ. ಹಾಡಿನಲ್ಲಿ ಮತ್ತೆ ಮತ್ತೆ ಬರುತ್ತಿದ್ದ 'ಒಲುವಾ' ಎಂಬುದೊಂದೇ ನನಗೆ ತಿಳಿಯಿತು. ಒಡೆಯ ಎಂದರ್ಥವಂತೆ. ನನ್ನ ಕಿವಿಗೆ ಅದು ಒಲವು ಎಂದೇ ಬೀಳುತ್ತಿತ್ತು. ನಡುವೆ ಅವನ ಕೈ ಸೋತಿತು. ನಾನು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಿಗೆ ಅವನು ಕಣ್ಣೊರೆಸಿಕೊಂಡು ಮತ್ತೆ ಸೇರಿಕೊಂಡ.

ಎಲ್ಲ ಮುಗಿದ ಮೇಲೆ ಹೇಳಿದೆ: "ನಂದು ತಪ್ಪಾತಪಾ."

ಇಲ್ಲ ಬಿಡ್ರಿ ಎನ್ನುತ್ತಾನೆಂದು ಒಳಗೊಳಗೇ ಕಾಯುತ್ತಿದ್ದೆ.

"ಹೌದ್ರಿ ಕಾಕಾ," ಎಂದ. ಸಿಟ್ಟಿರಲಿಲ್ಲ. ನೀರು ಕೇಳಿ ಕುಡಿದು, ಸಂಜೆಯವರೆಗೂ ನನ್ನ ಪಕ್ಕದಲ್ಲೇ ಕೂತಿದ್ದ.

ಹೋದ ವರ್ಷ ಓದು ಮುಗಿಸಿ ಅವನು ಊರಿಗೆ ಮರಳಿದ. ಆಗಾಗ ಚರ್ಚಿನ ಹಾಡು ಕಳಿಸುತ್ತಾನೆ. ಈಗ ಮುಂದೆ ನಿಂತು ಹಾಡುವವಳು ಅವನ ತಂಗಿ. ಮೊನ್ನೆ ಬಂದದ್ದನ್ನು ನನ್ನ ಹೆಂಡತಿ ಕೊನೆತನಕ ಕೇಳಿದಳು. ಡೋಲಿನ ದನಿ ಏರುತ್ತಿದ್ದಂತೆ ನಾನು ಅರ್ಧಕ್ಕೇ ಎದ್ದು ಹೊರಗೆ ಹೋದೆ.