ಸೀರೆ ಸುತ್ತಿದ ಕಟ್ಟುಗಳು

ಅವರ ಬೆರಳ ತುದಿಗಳು ಸದಾ ಕೆಂಪಗಿರುತ್ತಿದ್ದವು. ಕಡತ ಕಟ್ಟುವ ಕೆಂಪು ರುಮಾಲು ಬೆವರಿಗೆ ಬಣ್ಣ ಬಿಟ್ಟು, ಚರ್ಮದ ಬಿರುಕುಗಳಲ್ಲಿ ಇಳಿದು, ಯಾವ ಸೋಪಿಗೂ ಜಗ್ಗದೆ ಕೂತಿತ್ತು. ‘ಏನಣ್ಣ, ಮದರಂಗಿ ಜೋರಾಗಿದೆ, ಮತ್ತೆ ಮದುವೆಯಾ?’ ಎಂದು ನಾವು ಛೇಡಿಸುತ್ತಿದ್ದೆವು. ‘ಊಂ ಕಣವ್ವ, ಎಣ್ಣು ಇದೇ ಆಫೀಸು. ಅರವತ್ತರ ಗಂಟ ಬುಡಕಿಲ್ಲ ಅಂತಾಳೆ’ ಎನ್ನುತ್ತಿದ್ದರು.

ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅವರು ಅಟೆಂಡರ್. ನಾನು ಹೊಳೆನರಸೀಪುರದಿಂದ ಬಸ್ಸಿನಲ್ಲಿ ಬಂದುಹೋಗುತ್ತಿದ್ದ ಹೊಸ ಗುಮಾಸ್ತೆ. ಸಾಹೇಬರ ಎದುರಿಗೆ ನನ್ನನ್ನು ‘ಮೇಡಂ’ ಅನ್ನುವರು, ರೂಮಿನೊಳಗೆ ‘ಕಣವ್ವ’. ನನಗೆ ಅವರು ಅಣ್ಣ.

ಓದಿದ್ದು ಎಸ್ಸೆಸ್ಸೆಲ್ಸಿ. ಆದರೆ ಪ್ರಪಂಚದಲ್ಲಿ ಎಲ್ಲೆಲ್ಲಿ ಪುಸ್ತಕ, ದಾಖಲೆ ನಾಶವಾಗಿವೆಯೋ ಅದರದ್ದೊಂದು ಪಟ್ಟಿ ಅವರ ಜೇಬಿನ ಡೈರಿಯಲ್ಲಿತ್ತು. ಅದೂ ಯಾವುದು ದೊಡ್ಡ ನಷ್ಟವೋ ಆ ಕ್ರಮದಲ್ಲಿ ನಂಬರು ಹಾಕಿ. ಪೇಪರಿನಲ್ಲಿ ಹೊಸದೇನಾದರೂ ಓದಿದರೆ ಪೆನ್ಸಿಲ್ಲಿನಲ್ಲಿ ಬರೆದ ನಂಬರುಗಳನ್ನು ಅಳಿಸಿ ಹಿಂದೆಮುಂದೆ ಮಾಡುವರು. ಅವರದು ಬೌದ್ಧರ ಮನೆ. ನಾಲಂದಾ ಮಾತ್ರ ಒಂದನೇ ನಂಬರಿನಿಂದ ಕದಲಿದ್ದಿಲ್ಲ. ಅಲೆಕ್ಸಾಂಡ್ರಿಯಾ, ಬಾಗ್ದಾದ್, ಜಾಫ್ನಾಗಳ ಗ್ರಂಥಾಲಯಗಳು ತಮ್ಮತಮ್ಮಲ್ಲೇ ಜಾಗಕ್ಕೆ ಕಿತ್ತಾಡುತ್ತಿದ್ದವು.

‘ಇದು ನಿಮ್ಮವರ ಪರ ಪಕ್ಷಪಾತ ಅಣ್ಣ. ಯಾವುದರಲ್ಲಿ ಹೆಚ್ಚು ಪುಸ್ತಕ ಇತ್ತೋ ಅದು ಮೊದಲು ಬರಬೇಕು’ ಎಂದೆ ಒಮ್ಮೆ, ಟೀ ಕುಡಿಯುತ್ತಾ.

‘ಪಕ್ಷಪಾತ ಐತೆ, ಇಲ್ಲ ಅನ್ನಕಿಲ್ಲ. ಆದ್ರೆ ಎಷ್ಟು ಓಯ್ತು ಅನ್ನೋದಲ್ಲ ಕಣವ್ವ ಲೆಕ್ಕ. ನಾಳೆ ಒಬ್ರು ಅದನ್ನ ಕೇಳ್ಕಂಡು ಬಂದ್ರೆ ಏನಂತ ಯೋಳ್ತೀಯ? ಅದು ಲೆಕ್ಕ.’

ನಾನು ನಕ್ಕು ಲೋಟ ತೊಳೆಯಲು ಎದ್ದೆ.

ರೂಮಿನಲ್ಲಿ ಅವರದೇ ಒಂದು ಪದ್ಧತಿಯಿತ್ತು. ಸರ್ಕಾರದಿಂದ ಕೆಂಪು ರುಮಾಲು ಬರುವುದು ನಿಂತು ಎಷ್ಟೋ ಕಾಲವಾಗಿತ್ತು. ತೀರಾ ಹಳೆಯ, ಎಂದೂ ಕಳೆಯಬಾರದ ಕಟ್ಟುಗಳ ಬಟ್ಟೆಯೇ ಮೊದಲು ಹರಿಯುವುದಲ್ಲವೇ? ಅವಕ್ಕೆ ಹೆಂಡತಿಯ ಹಳೆ ಸೀರೆಗಳನ್ನು ಒಗೆದು, ಹರಿದು ತಂದು ಸುತ್ತುತ್ತಿದ್ದರು. ಹೂವಿನ ಸೀರೆ, ಚುಕ್ಕಿ ಸೀರೆ, ಅಂಚು ಕಿತ್ತ ಹಸಿರು ಸೀರೆ. ನಾನು ಸೇರಿದ ಮೊದಲ ವಾರವೇ ‘ಸೀರೆ ಕಟ್ಟು ಮಾತ್ರ ಯಾರೂ ಮುಟ್ಟಂಗಿಲ್ಲ ಕಣವ್ವ, ಜಮೀನು ಮಂಜೂರಾತಿ ಎಲ್ಲ ಅದ್ರಾಗೇ ಅವೆ’ ಎಂದು ತೋರಿಸಿದ್ದರಂತೆ. ‘ಅಂತೆ’ ಎನ್ನುತ್ತಿದ್ದೇನೆ, ನಾಚಿಕೆಯಾಗಬೇಕು. ತೋರಿಸಿದ್ದರು. ನಾನು ಮೊಬೈಲು ನೋಡುತ್ತಾ ಹೂಂಗುಟ್ಟಿದ್ದೆ.

ಮಗಳ ಮದುವೆಗೆಂದು ಅವರು ಮೂರು ದಿನ ರಜೆ ಹಾಕಿ ಹಿರೀಸಾವೆಗೆ ಹೋದಾಗಲೇ ಸಾಹೇಬರ ಆದೇಶ ಬಂತು. ಸ್ಕ್ಯಾನಿಂಗ್ ಯಂತ್ರಕ್ಕೆ ಜಾಗ ಬೇಕು, ಬೇಡದ್ದನ್ನೆಲ್ಲ ವಿಲೇವಾರಿ ಮಾಡಿ ಎಂದು. ಅವರು ಬರುವವರೆಗೆ ಕಾಯೋಣ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಪ್ರೊಬೇಷನ್ನಿನಲ್ಲಿದ್ದೆ, ಸಾಹೇಬರಿಂದ ಭೇಷ್ ಅನ್ನಿಸಿಕೊಳ್ಳುವ ಚಪಲ. ಕೆಂಪು ರುಮಾಲಿನವನ್ನು ಜೋಪಾನವಾಗಿ ಬೇರೆ ಜೋಡಿಸಿದೆ. ಮೂಲೆಯ ಹೂವಿನ ಬಟ್ಟೆಯ ಗಂಟುಗಳನ್ನು ಕಂಡು, ಯಾರೋ ಮನೆಯ ಚಿಂದಿ ತಂದು ತುಂಬಿದ್ದಾರೆಂದು ಮೂಗು ಮುಚ್ಚಿಕೊಂಡೆ. ‘ಹಳೆ ಬಟ್ಟೆ, ಬಿಡಿ ಕಾಗದ’ ಎಂದು ಪಟ್ಟಿಯಲ್ಲಿ ಬರೆದೆ. ಒಂದೇ ಒಂದು ಗಂಟು ಬಿಚ್ಚಿ ನೋಡಿದ್ದರೆ ಸಾಕಿತ್ತು. ಲಾರಿ ಅವತ್ತೇ ಹೋಯಿತು, ಕಾಗದ ಅರೆಯುವ ಕಾರ್ಖಾನೆಗೆ.

ನಾಲ್ಕನೇ ದಿನ ಅಣ್ಣ ಮದುವೆಯ ಲಾಡು ಹಿಡಿದು ಬಂದರು. ಮೂಲೆ ನೋಡಿದರು. ಲಾಡಿನ ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟು, ಖಾಲಿ ರ್‍ಯಾಕನ್ನು ಕೈಯಿಂದ ಸವರಿದರು. ‘ಸೀರೆ ಕಟ್ಟು?’ ಎಂದರು. ನಾನು ಹೇಳಿದೆ. ಬೈಯಲಿಲ್ಲ. ಕಾರ್ಖಾನೆಗೆ ಫೋನ್ ಮಾಡಿಸಿದರು, ಆಗಲೇ ಅರೆದಾಗಿತ್ತು.

ತಿಂಗಳೊಳಗೆ ಮೊಸಳೆ ಎಂಬ ಊರಿನ ಕಡೆಯ ಅಜ್ಜಿಯೊಬ್ಬಳು ಬಂದಳು. ಅವಳ ಮಾವನಿಗೆ ಮಂಜೂರಾಗಿದ್ದ ಎರಡೆಕರೆಗೆ ಪಕ್ಕದವನು ಬೇಲಿ ಹಾಕಿದ್ದ. ಮಂಜೂರಾತಿ ಕಡತದ ನಕಲು ಕೊಟ್ಟರೆ ಕೋರ್ಟಿನಲ್ಲಿ ಗೆಲ್ಲುತ್ತೀಯ ಎಂದು ವಕೀಲರು ಹೇಳಿದ್ದರು. ಅದು ಹಸಿರು ಸೀರೆಯ ಕಟ್ಟಿನಲ್ಲಿತ್ತು. ಅವಳ ಅರ್ಜಿಯಿಂದ, ಕಡತ ಎಲ್ಲಿ ಹೋಯಿತೆಂದು ವಿಚಾರಣೆ ಶುರುವಾಯಿತು.

‘ಗೆದ್ಲು ಇಡ್ದಿತ್ತು ಸಾ. ರಜೆಗೋಗೋ ಮುಂಚೆ ನಾನೇ ತೆಗ್ದು ಕಸಕ್ಕಿಟ್ಟಿದ್ದೆ. ಮೇಡಂಗೆ ಏನು ಗೊತ್ತು?’ ಎಂದು ಅಣ್ಣ ಬರೆದೂ ಕೊಟ್ಟುಬಿಟ್ಟರು.

ಹೊರಗೆ ಬಂದಾಗ ನಾನು ಅತ್ತುಬಿಟ್ಟೆ. ‘ಅಳಬ್ಯಾಡ. ನಂದು ಇನ್ನೊಂದೇ ವರ್ಸ, ನಿಂದು ಈಗ ಸುರುವಾಗೈತೆ. ಸುಮ್ಕಿರು’ ಎಂದರು. ನಾನು ಸುಮ್ಮನಿದ್ದೆ. ಅವರು ಹೇಳಿದ್ದಕ್ಕಿಂತ ಹೆಚ್ಚೇ ಸುಮ್ಮನಿದ್ದೆ. ವಿಚಾರಣೆ ಬಾಕಿಯಿದೆ ಎಂದು ಕಚೇರಿಯವರು ಅವರಿಗೆ ಬೀಳ್ಕೊಡುಗೆಯನ್ನೂ ಮಾಡಲಿಲ್ಲ. ನಾನು ಹಾಸನದಲ್ಲಿ ಕೊಂಡಿದ್ದ ಶಾಲು ಬ್ಯಾಗಿನಲ್ಲೇ ಉಳಿಯಿತು. ಆ ಒಂದು ವರ್ಷ ಅವರು ಜೇಬಿನ ಡೈರಿ ತೆಗೆದದ್ದನ್ನು ನಾನು ನೋಡಲಿಲ್ಲ.

ನಿವೃತ್ತಿಯಾದ ಎರಡು ವರ್ಷಕ್ಕೆ ಅಣ್ಣ ತೀರಿಹೋದ ಸುದ್ದಿ ಬಂತು. ಕೊರವಂಗಲದ ಹತ್ತಿರದ ಅವರ ಊರಿಗೆ ಹೋಗಿದ್ದೆ. ಬುದ್ಧ ವಂದನೆ ನಡೆಯುತ್ತಿತ್ತು. ನೆಂಟರ ಹಿಂದೆ ನಿಂತು ನೋಡಿದೆ. ಅಣ್ಣನ ಬೆರಳುಗಳಿಂದ ಕೆಂಪು ಹೋಗಿತ್ತು. ಅವರ ಹೆಂಡತಿ ‘ನಿನ್ ಸುದ್ದಿ ಬಾಳ ಯೋಳೋರು ಕಣವ್ವ’ ಎಂದು ನನ್ನ ಕೈ ಹಿಡಿದರು.

ಮುಂದಿನ ಸೋಮವಾರ ಅಜ್ಜಿ ಎಂದಿನಂತೆ ಬಂದಳು. ಎರಡೆಕರೆ ಇನ್ನೂ ಬೇಲಿಯೊಳಗೇ ಇದೆ. ‘ಸತ್ನಂತಲ್ಲ ನನ್ ಕಾಗ್ದ ಕಸಕ್ಕಾಕ್ದೋನು! ಮೂರು ವರ್ಸದಿಂದ ಶಾಪ ಆಕ್ತಿದ್ದೆ, ತಟ್ತು ನೋಡು. ನೀನಾದ್ರೂ ಒಳ್ಳೇವ್ಳು ಕಣವ್ವ, ಬಂದಾಗೆಲ್ಲ ಕೂರ್ಸಿ ನೀರು ಕೊಡ್ತೀಯ’ ಎಂದು ನನ್ನ ಗಲ್ಲ ಮುಟ್ಟಿದಳು.

ನನಗೆ ತಡೆಯಲಾಗಲಿಲ್ಲ. ‘ಅವರಲ್ಲ ಅಜ್ಜಿ. ಹಾಕಿದ್ದು ನಾನು. ನನ್ನ ಕೆಲಸ ಉಳಿಯಲಿ ಅಂತ ಅವರು ಒಪ್ಪಿಕೊಂಡರು. ನಾನು ಈಗ ಸಾಹೇಬರಿಗೆ ಬರೆದುಕೊಡುತ್ತೇನೆ, ನಿಮ್ಮ ವಕೀಲರಿಗೂ ಹೇಳುತ್ತೇನೆ’ ಎಂದೆ.

ಅಜ್ಜಿ ಕೈ ಹಿಂದಕ್ಕೆ ತೆಗೆದುಕೊಂಡಳು. ಬೈಯುತ್ತಾಳೆಂದು ಕಾದೆ. ಅವಳು ಜಮೀನಿನ ಮಾತೇ ಎತ್ತಲಿಲ್ಲ.

‘ಅಂಗಾರೆ ಆ ಯಪ್ಪಂಗೆ ಆಕಿದ್ ಶಾಪನೆಲ್ಲ ನಾನೀಗ ಎಂಗವ್ವ ವಾಪಸ್ ತಕ್ಕಳ್ಳಿ?’ ಎಂದಳು.